ಬಿಟ್ಟುಹೋದವರ ಕೈಗಳು

ಗದಗಿನ ಗಾಳಿ ಕಾರ್ಖಾನೆಯಲ್ಲಿ ಜನ ಕೆಲಸ ಬಿಡುತ್ತಿದ್ದ ವೇಗ ಎಂಥದ್ದೆಂದರೆ, ಒಮ್ಮೆ ಒಬ್ಬ ಬಲಗಾಲನ್ನು ಗೇಟಿನೊಳಗಿಟ್ಟು ಕೆಲಸಕ್ಕೆ ಸೇರಿದ. ಎಡಗಾಲು ಒಳಗೆ ಬರುವಷ್ಟರಲ್ಲಿ ಬಲಗಾಲು ರಾಜೀನಾಮೆ ಕೊಟ್ಟು ಹೊರಗೆ ಹೋಗಿಯಾಗಿತ್ತು. ಎರಡೂ ಕಾಲಿಗೆ ಬೇರೆ ಬೇರೆ ಗುರುತಿನ ಚೀಟಿ ಮಾಡಿಸಿ, ಒಂದಕ್ಕೆ ಸ್ವಾಗತದ ಹೂವನ್ನೂ ಇನ್ನೊಂದಕ್ಕೆ ಬೀಳ್ಕೊಡುಗೆಯ ಶಾಲನ್ನೂ ಒಂದೇ ಗಳಿಗೆಯಲ್ಲಿ ಹೊಂದಿಸಬೇಕಾಯಿತು. ಹೊಂದಿಸಿದವನು ಈರಬಸಪ್ಪ ಹಂಚಿನಮನಿ. ಕಾಲಿಗೆ ಶಾಲು ಹೇಗೆ ಹೊದಿಸಿದಿರಿ ಎಂದು ಯಾರಾದರೂ ಕೇಳಿದರೆ, "ಮಡಚಿ" ಎಂದು ನಗದೆ ಹೇಳುತ್ತಿದ್ದ.

ಈರಬಸಪ್ಪ ಅಲ್ಲಿ ಹೊಸಬರ ತರಬೇತಿಯ ಮೇಲ್ವಿಚಾರಕ. ಕಾರ್ಖಾನೆಗೆ ಬೋರ್ಡಿನ ತುಂಬ ಉದ್ದವಾದ ಹೆಸರಿತ್ತು; ಆದರೆ ಅಲ್ಲಿ ತಯಾರಾಗುತ್ತಿದ್ದುದು ಸೊಂಟಕ್ಕೆ ಕಟ್ಟಿಕೊಳ್ಳುವ ಉಸಿರುಯಂತ್ರದ ಪುಟ್ಟ ಮೋಟರು, ಹಾಗಾಗಿ ಊರವರ ಬಾಯಲ್ಲಿ ಅದು ಗಾಳಿ ಕಾರ್ಖಾನೆ. ದೊಡ್ಡ ಪಟ್ಟಣಗಳ ಗಾಳಿ ಕೆಟ್ಟು, ಚಪ್ಪಲಿ ಇಲ್ಲದವರು ಸಿಕ್ಕರೂ ಉಸಿರುಯಂತ್ರ ಇಲ್ಲದವರು ಸಿಗದ ಕಾಲ ಅದು. ಮೋಟರಿನೊಳಗೆ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸುತ್ತಬೇಕು. ಯಂತ್ರ ಸುತ್ತಿದರೆ ಆ ಮೋಟರು ಕಿವಿಯ ಹತ್ತಿರದ ಸೊಳ್ಳೆಯಂತೆ ಗುಂಯ್ ಎನ್ನುತ್ತದೆ. ಕಟ್ಟಿಕೊಂಡವರಿಗೆ ನಿದ್ದೆ ಹತ್ತುವುದಿಲ್ಲ. ಮನುಷ್ಯರ ಕೈ ಸುತ್ತಿದ್ದಕ್ಕೆ ಸದ್ದಿಲ್ಲ. ಯಂತ್ರ ಪ್ರತಿ ಸುತ್ತನ್ನೂ ಒಂದೇ ಬಿಗಿಯಲ್ಲಿ ಎಳೆಯುತ್ತದೆ, ಎಲ್ಲ ಸುತ್ತುಗಳೂ ಕೂಡಿ ಒಂದೇ ಸ್ವರ ಹಿಡಿಯುತ್ತವೆ. ಕೈ ಹಾಗಲ್ಲ, ಸುತ್ತಿನಿಂದ ಸುತ್ತಿಗೆ ಕಂಡೂ ಕಾಣದಷ್ಟು ಬಿಗಿ ಬದಲಿಸುತ್ತದೆ. ಸ್ವರಗಳು ಒಂದನ್ನೊಂದು ಸುಮ್ಮನಾಗಿಸುತ್ತವೆ.

ತೊಂದರೆ ಒಂದೇ. ಕೈಗೆ ಆ ಹದ ಬರಲು ವರ್ಷ ಬೇಕು, ಜನ ನಿಲ್ಲುತ್ತಿದ್ದುದು ತಿಂಗಳುಗಟ್ಟಲೆ ಮಾತ್ರ. ಹದ ಬರುವ ಹೊತ್ತಿಗೆ ಪಕ್ಕದ ಕಾರ್ಖಾನೆಯವರು ಕರೆದಿರುತ್ತಿದ್ದರು, ಇಲ್ಲವೆ ಬೇಸರವೇ ಕರೆದಿರುತ್ತಿತ್ತು. ಜನರಲ್ ಮ್ಯಾನೇಜರ್ ಪ್ರಭಾಕರ ಶೇಟ್ ಕುಮಟೆಯ ಕಡೆಯವರು, ಸೋಲೊಪ್ಪದ ಮನುಷ್ಯ. ಹುಟ್ಟುಹಬ್ಬಕ್ಕೆ ಕೇಕು ತರಿಸಿದರು. ಕೇಕಿನ ಮೇಲೆ ಹೆಸರು ಬರೆಸುವುದರೊಳಗೆ ಹೆಸರಿನವರು ಇರುತ್ತಿರಲಿಲ್ಲ. ಸೋಮವಾರ ಯೋಗ ಮಾಡಿಸಿದರು. ಉಸಿರು ಒಳಗೆಳೆದುಕೊಂಡವರು ಬಿಡಲಿಕ್ಕೆ ಬೇರೆ ಕಾರ್ಖಾನೆಗೆ ಹೋದರು. ಉತ್ತಮ ನೌಕರರ ಫೋಟೋಗಳನ್ನು ಕ್ಯಾಂಟೀನಿನ ಗೋಡೆಗೆ ಹಾಕಿಸಿದರು. ಸ್ವಲ್ಪ ದಿನದಲ್ಲೇ ಆ ಗೋಡೆ, ಊಟ ಮಾಡುತ್ತಿದ್ದವರಿಗೆ ಪರಿಚಯವೇ ಇಲ್ಲದ ಮುಖಗಳ ಗೋಡೆಯಾಗಿ, ಹೊಸಬನೊಬ್ಬ ಇವರೆಲ್ಲ ಯಾವಾಗ ತೀರಿಕೊಂಡರು ಎಂದು ಕೇಳಿ ಕೈಮುಗಿದ.

ಇಷ್ಟು ಜನಪ್ರವಾಹದ ನಡುವೆ ಬಂಡೆಯಂತೆ ಕೂತವನು ಈರಬಸಪ್ಪ ಒಬ್ಬನೇ. ಇಪ್ಪತ್ತು ವರ್ಷ ಎಂದು ಅವನು ಹೇಳುತ್ತಿದ್ದ. ಉತ್ಸಾಹ ಹೆಚ್ಚಿದ್ದ ದಿನ ಮೂವತ್ತೂ ಆಗುತ್ತಿತ್ತು. ಹೊಸಬರನ್ನು ಕೂಡಿಸಿಕೊಂಡು ತನ್ನ ಕೈಯ ಕಥೆ ಹೇಳುವುದೇ ಅವನ ತರಬೇತಿಯ ಮೊದಲ ಪಾಠ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತಂತಿಯ ವಾಸನೆಯ ಮೇಲೆಯೇ ಅವನು ಒಂದು ಮೋಟರನ್ನು ಸುತ್ತಿದ್ದ. ಆ ಮೋಟರು ಎಷ್ಟು ಸದ್ದಿಲ್ಲದ್ದೆಂದರೆ, ತಿರುಗುತ್ತಿದೆಯೋ ಇಲ್ಲವೋ ತಿಳಿಯದೆ ಪರೀಕ್ಷೆಯವರು ಅದನ್ನು ವಾಪಸ್ ಕಳಿಸಿದ್ದರು. "ಹಂಗಾದ್ರ ಒಂದೀಟ ಸುತ್ತಿ ತೋರಸ್ರಿ ಅಣ್ಣಾರ" ಎಂದು ಯಾರಾದರೂ ಕೇಳಿದರೆ ಅಂಗೈ ನೋಡಿಕೊಂಡು ತಲೆಯಾಡಿಸುತ್ತಿದ್ದ. "ಬ್ಯಾಡ. ನನ್ನ ಕೈ ಒಮ್ಮೆ ಹೊಂಟ್ರ ನಿಲ್ಲೂದಿಲ್ಲ. ಈ ಶಿಫ್ಟಿನ ಕೆಲಸಾ ಎಲ್ಲಾ ನಾನ ಮುಗಿಸಿಬಿಟ್ಟರ ನಿಮ್ಮ ಪಗಾರಿನ ಗತಿ ಏನು?"

ಇಂಥ ಹೊತ್ತಿನಲ್ಲಿ ಧಾರವಾಡದಿಂದ ಎಂಜಿನಿಯರ್ ಮಂದಾಕಿನಿ ದೇಸಾಯಿ ಬಂದಳು, ರೂಢಿಪಟ್ಟಿ ತಂದಳು.

ನೋಡಲಿಕ್ಕೆ ಅದು ಮೊಣಕೈ ಕೆಳಗೆ ಕಟ್ಟಿಕೊಳ್ಳುವ ಕಪ್ಪು ಬಟ್ಟೆಯ ಪಟ್ಟಿ. ಕುಶಲ ಕೆಲಸಗಾರರು ಅದನ್ನು ಕಟ್ಟಿಕೊಂಡು ಒಂದು ಪೂರ್ತಿ ಶಿಫ್ಟು ಕೆಲಸ ಮಾಡಿದರೆ, ಸ್ನಾಯುಗಳಲ್ಲಿ ಹರಿಯುವ ಸಣ್ಣ ಸಣ್ಣ ವಿದ್ಯುತ್ ಸೂಚನೆಗಳನ್ನೆಲ್ಲ ಪಟ್ಟಿ ಬರೆದುಕೊಳ್ಳುತ್ತದೆ. ಬೆರಳಷ್ಟೇ ಅಲ್ಲ, ನಾಡಿಯನ್ನೂ ಉಸಿರನ್ನೂ ಸಹ. ಯಾವ ಸುತ್ತಿನಲ್ಲಿ ಉಸಿರು ಹಿಡಿಯಬೇಕು ಎನ್ನುವುದರಲ್ಲೇ ಅರ್ಧ ಕೆಲಸ ಇದೆ ಎಂಬುದು ಮಂದಾಕಿನಿಯ ಶೋಧ. ಆಮೇಲೆ ಅದೇ ಬರಹವನ್ನು ಹೊಸಬರ ಪಟ್ಟಿಗೆ ಹಾಕಿದರೆ, ಚರ್ಮದ ಕೆಳಗಿನ ನರಗಳಿಗೆ ಅದು ಇರುವೆ ಹರಿದಂತೆ ಪಿಸುಗುಡುತ್ತದೆ: ಈಗ ಎಳೆ, ಈಗ ಸಡಿಲಿಸು, ಈಗ ಉಸಿರು ಹಿಡಿ. ದಿನವೂ ಕಟ್ಟಿಕೊಳ್ಳುತ್ತಿದ್ದರೆ ಬೇರೆಯವರ ರೂಢಿ ನಮ್ಮದಾಗುತ್ತದೆ. ಕಟ್ಟುವುದನ್ನು ಬಿಟ್ಟರೆ ಗೋರಂಟಿಯ ಬಣ್ಣದಂತೆ ಮೆಲ್ಲಗೆ ಇಳಿದುಹೋಗುತ್ತದೆ.

ಮೊದಲ ವಾರದಲ್ಲೇ ಪವಾಡವಾಯಿತು. ನಿನ್ನೆ ಸೇರಿದವರು ಇವತ್ತು ಹಳೇ ಹುಲಿಗಳಂತೆ ಸುತ್ತತೊಡಗಿದರು. ಪರೀಕ್ಷಾ ಕೋಣೆಯಲ್ಲಿ ಎಷ್ಟು ನಿಶ್ಶಬ್ದವೆಂದರೆ ಕ್ಯಾಂಟೀನಿನ ಉಪ್ಪಿಟ್ಟಿನಲ್ಲಿ ಸಾಸಿವೆ ಸಿಡಿಯುವುದು ಕೇಳುತ್ತಿತ್ತು. ಶೇಟ್ ಸಾಹೇಬರು ಮೊದಲ ಸಲ ರಾಜೀನಾಮೆಯೊಂದಕ್ಕೆ ನಗುತ್ತ ಸಹಿ ಹಾಕಿದರು.

"ಹೋಗುವವರು ಹೋಗಲಿ ಮಾರಾಯ್ರೇ" ಎಂದರು. "ಹೋಗುವಾಗ ಕೈ ಒಂದನ್ನು ಇಲ್ಲಿಟ್ಟು ಹೋದರೆ ನನಗೆ ಸಾಕು."

ಕೈಯನ್ನು ಯಾವಾಗ ಇಡಿಸಿಕೊಳ್ಳಬೇಕು ಎಂಬುದನ್ನೂ ಶುರುವಿನಲ್ಲೇ ಅವರೇ ತೀರ್ಮಾನಿಸಿದ್ದರು. ಪಟ್ಟಿ ಬರೆದುಕೊಳ್ಳುವಾಗ ಕೆಲಸ ನಿಧಾನ. ಚೆನ್ನಾಗಿ ದುಡಿಯುತ್ತಿರುವವರನ್ನು ಅದಕ್ಕೆ ಕೂಡಿಸಿದರೆ ನಷ್ಟ. ರಾಜೀನಾಮೆ ಕೊಟ್ಟವರು ಹೇಗೂ ನೋಟಿಸಿನ ಅವಧಿಯೆಂದು ಕೆಲವು ವಾರ ಸುಮ್ಮನೆ ಬಂದುಹೋಗುತ್ತಾರಲ್ಲ, ಚಾರ್ಜು ವಹಿಸಿಕೊಡಬೇಕಾದ್ದೂ ಆಗಲೇ ಅಲ್ಲವೇ. ಆಗ ಬರೆಸಿಕೊಂಡರಾಯಿತು. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಈರಬಸಪ್ಪ. ಆ ಉಪಾಯ ತನ್ನದೇ ಎಂದು ಸಂಜೆಯ ಬಸ್ಸಿನಲ್ಲಿ ಹೇಳಿಕೊಂಡೂ ಬಂದ. ತಾನಾಗಿ ಓಡುವ ಆ ಬಸ್ಸಿಗೆ ಡ್ರೈವರ್ ಇರಲಿಲ್ಲವಾದ್ದರಿಂದ ಹಿಂದಿನ ಸೀಟಿನವರಿಗೆ ಹೇಳಿದ.

ಕೆಲವು ತಿಂಗಳು ಕಳೆದ ಮೇಲೆ ವಿಚಿತ್ರವೊಂದು ಶುರುವಾಯಿತು. ಜನ ಇನ್ನೂ ಬೇಗ ಬಿಡತೊಡಗಿದರು. ಮೊದಲು ವರ್ಷದ ಹತ್ತಿರ ಇರುತ್ತಿದ್ದವರು ಅರ್ಧ ವರ್ಷಕ್ಕೆ, ಅವರ ಪಟ್ಟಿ ಕಟ್ಟಿಕೊಂಡವರು ಅದರ ಅರ್ಧಕ್ಕೆ, ಅವರ ನಂತರದವರು ಕ್ಯಾಂಟೀನಿನ ದಾರಿ ಕಲಿಯುವುದರೊಳಗೆ. ಜಗಳವಿಲ್ಲ, ದೂರಿಲ್ಲ. ಯಾಕೆ ಬಿಡುತ್ತೀರಿ ಎಂದರೆ ಎಲ್ಲರದೂ ಒಂದೇ ಉತ್ತರ: "ಯಾಕೋ, ಇಲ್ಲಿ ಆತು ಅನಸ್ತೈತ್ರಿ." ಬೆಂಚಿನಲ್ಲಿ ಪಕ್ಕಪಕ್ಕ ಕೂತವರು ಹೆಸರು ಕೇಳಿಕೊಳ್ಳುತ್ತಿರಲಿಲ್ಲ. ಯಾರೂ ಯಾರನ್ನೂ ಏನನ್ನೂ ಕೇಳುವ ಅಗತ್ಯವೇ ಇರಲಿಲ್ಲ. ಕೇಳಬೇಕಾದ್ದನ್ನೆಲ್ಲ ಪಟ್ಟಿ ಮೊದಲೇ ಹೇಳಿರುತ್ತಿತ್ತು. ಶೇಟ್ ಸಾಹೇಬರು ತಲೆ ಕೆಡಿಸಿಕೊಳ್ಳಲಿಲ್ಲ. ಕೈಗಳು ಇಲ್ಲೇ ಇದ್ದುವಲ್ಲ.

ಆದರೆ ಕಟ್ಟಿಕೊಳ್ಳಲಿಕ್ಕೆ ಮೊಣಕೈಗಳಾದರೂ ಬೇಕು. ಊರಲ್ಲಿ ಜನ ಸಾಲದಾದಾಗ ಈರಬಸಪ್ಪ, ಗದಗ ಜಿಲ್ಲೆಯಲ್ಲೇ ಅತ್ಯಂತ ಚುರುಕಾದ ಕೈಯೊಂದನ್ನು ನಾಳೆ ತಂದು ನಿಲ್ಲಿಸುತ್ತೇನೆಂದು ಸಾಹೇಬರ ಮುಂದೆ ಎದೆ ತಟ್ಟಿದ. ಮನೆಗೆ ಹೋಗಿ ಹೆಂಡತಿ ಶಿವಲೀಲಾಳನ್ನು ಕೇಳಿಕೊಂಡ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದವಳು. ಗುಂಡಿಯ ಕಾಜಾ ಮುಗಿಸಿ, ದಾರ ಕಡಿದು, "ನಿಮ್ಮ ಮಾನ ಉಳಿಸಾಕ ಎಷ್ಟು ದಿನಾ ಬರಬೇಕು?" ಎಂದಳು.

ಅವಳಿಗೆ ಸಿಕ್ಕಿದ್ದು, ಬೆಳಗಾವಿಗೆ ಹೋದ ಯಾರೋ ಒಬ್ಬಳ ರೂಢಿ. ಶಿವಲೀಲಾ ಚೆನ್ನಾಗಿಯೇ ಸುತ್ತಿದಳು. ಗಂಡಹೆಂಡಿರು ಒಂದೇ ಬಸ್ಸಿನಲ್ಲಿ ಹೋಗಿ ಬರತೊಡಗಿದರು. ಈರಬಸಪ್ಪ ದಾರಿಯುದ್ದಕ್ಕೂ ಮಾತಾಡುತ್ತಿದ್ದ, ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಮೊದಲಾಗಿದ್ದರೆ ನಡುವೆ ತಿರುಗಿ, "ಸಾಕ್ ಮಾಡ್ರಿ, ಬಸ್ಸು ಭಾರ ಆಗಾಕತ್ತೈತಿ" ಎನ್ನುತ್ತಿದ್ದಳು. ಈಗ ಅನ್ನಲಿಲ್ಲ. ಅವನು ಏನು ಹೇಳಿದರೂ ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಇಷ್ಟು ಸಭ್ಯಳಾಗಿದ್ದದ್ದು ಅವನಿಗೆ ನೆನಪಿರಲಿಲ್ಲ.

ಒಂದು ಭಾನುವಾರ ಅವಳು ಅವನನ್ನು ಅಡುಗೆಮನೆಗೆ ಕರೆದಳು.

"ಇಲ್ಲಿ ನೋಡ್ರಿ. ಇದು ಜೀರಿಗಿ, ಇದು ಅಜವಾನ. ಎರಡೂ ಒಂದ ಥರ ಕಾಣ್ತಾವ, ಮೂಸಿ ನೋಡ್ಬೇಕು. ಹಪ್ಪಳ ಮ್ಯಾಲಿನ ಡಬ್ಬ್ಯಾಗ. ಗ್ಯಾಸಿನವ ಬಂದ್ರ ಹಿತ್ತಲ ಬಾಗಲಾ ತಗೀರಿ, ಮುಂದಿನದು ಸಣ್ಣದಾಗ್ತೈತಿ."

"ನನಗ್ಯಾಕ ಇದೆಲ್ಲಾ?"

"ಗೊತ್ತಿರ್ಲಿ."

ಮರುದಿನ ಹೊಲಿಗೆಯ ಗಿರಾಕಿಗಳ ಅಳತೆ ಯಾವುದು ಎಲ್ಲಿದೆ ಎಂದು ತೋರಿಸಿದಳು. ಅದರ ಮರುದಿನ, ಅವನ ಅಂಗಿಗಳನ್ನು ಇಸ್ತ್ರಿ ಮಾಡುವಾಗ ಕಾಲರನ್ನು ಯಾವ ಕಡೆಯಿಂದ ಶುರುಮಾಡಬೇಕೆಂದು ಹೇಳಿಕೊಟ್ಟಳು. ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನನ್ನು ಕಂಗೆಡಿಸಿದ್ದು. ಬೈದರೆ ತಿರುಗಿ ಬೈಯಬಹುದು. ಇಷ್ಟು ಅಚ್ಚುಕಟ್ಟಾಗಿ ಹೇಳಿಕೊಡುವವರಿಗೆ ಏನು ಹೇಳುವುದು?

"ಲೀಲಾ, ನೀ ಎಲ್ಲಿಗರ ಹೊಂಟೀಯೇನು?"

ಅವಳು ಹಪ್ಪಳದ ಡಬ್ಬಿಯನ್ನು ಕೆಳಗಿಳಿಸಿದಳು. "ಎಲ್ಲಿಗೂ ಇಲ್ರಿ. ನಿಮ್ಮ ಮ್ಯಾಲ ಸಿಟ್ಟೂ ಇಲ್ಲ. ಆದ್ರ ಈ ಮನ್ಯಾಗ ನಿಂತಾಗ... ಇಲ್ಲಿ ನಂದು ಆತು ಅನಸ್ತೈತಿ. ಯಾರಿಗರ ಒಪ್ಪಿಸಿ ಹೋಗ್ಬೇಕು ಅನಸ್ತೈತಿ. ತವರಿಗೆ ಒಂದ ಮಾತ ಹೇಳೀನಿ, ಮುಂದಿನ ತಿಂಗಳ ಬರ್ತೀನಿ ಅಂತ."

"ಎಷ್ಟು ದಿನಕ್ಕ?"

ಅವಳು ಹಪ್ಪಳದ ಡಬ್ಬಿಯ ಮುಚ್ಚಳ ಒರೆಸಿದಳು.

ಗಾಳಿ ಕಾರ್ಖಾನೆಯಲ್ಲಿ ಲಕ್ಷ ಜನ ಚಾರ್ಜು ಒಪ್ಪಿಸುವುದನ್ನು ಕಂಡಿದ್ದ ಈರಬಸಪ್ಪನಿಗೆ, ಕೋಟಿಯೇ ಇರಬಹುದು, ತನ್ನ ಮುಂದೆ ನಡೆಯುತ್ತಿರುವುದು ಏನೆಂದು ಆಗ ಹೊಳೆಯಿತು. ಡಬ್ಬಿಗಳನ್ನು ಸಾಲಾಗಿ ಹೊಂದಿಸುವುದು, ಸಭ್ಯತೆ, ಕಿಟಕಿಯ ಆಚೆಯ ನೋಟ. ಇದು ನೋಟಿಸಿನ ಅವಧಿ. ಅವನ ಹೆಂಡತಿ ಅವನ ಮನೆಗೆ ನೋಟಿಸು ಕೊಟ್ಟಿದ್ದಳು, ಹಾಗೆಂದು ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಅವನು ಮಂದಾಕಿನಿಯ ಕೋಣೆಗೆ ನುಗ್ಗಿದ. ಬಾಗಿಲು ತೆರೆದ ರಭಸಕ್ಕೆ ಮೇಜಿನ ಮೇಲಿದ್ದ ಚಹಾ ತಾನಾಗಿ ತಣ್ಣಗಾಯಿತು.

"ಮೇಡಮ್ಮಾರ, ನಿಮ್ಮ ಪಟ್ಟಿ ಕೈಯಷ್ಟ ಬರಕೊಳ್ಳೂದಿಲ್ಲ. ಮನಸ್ಸೂ ಬರಕೊಳ್ತೈತಿ."

"ಮನಸ್ಸು ಅಂತ ಒಂದು ಸೂಚನೆ ಇಲ್ರಿ ಹಂಚಿನಮನಿಯವರ" ಎಂದಳು ಮಂದಾಕಿನಿ. "ಬೆರಳು, ನಾಡಿ, ಉಸಿರು. ಮೂರ."

"ಉಸಿರು ಅಂದ್ರಲ್ಲ. ಬಿಟ್ಟುಹೋಗೋ ಮನಶ್ಯಾ ಹೆಂಗ ಉಸಿರಾಡತಾನ, ಎಂದರ ನೋಡೀರೇನು? ನಾ ನೋಡೀನಿ. ಮೈಯೆಲ್ಲಾ ಹಗುರ ಮಾಡಿಕೊಂಡು, ಬಾಗಲಾ ತಗದಿಟ್ಹಂಗ. ನೀವು ಯಾರ ಕೈ ಬರಸೀರಿ? ಎಲ್ಲಾ ನೋಟಿಸು ಕೊಟ್ಟವ್ರದು. ಒಬ್ಬರರ ಇಲ್ಲೇ ಇರ್ತೇನಿ ಅನ್ನೋರದು ಬರಸೀರೇನು?"

ಮಂದಾಕಿನಿ ಪರದೆಯತ್ತ ತಿರುಗಿದಳು. ಸಂಗ್ರಹದಲ್ಲಿದ್ದ ರೂಢಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಬೆರಳಿನ ಗೆರೆಗಳು ಒಬ್ಬೊಬ್ಬರದು ಒಂದೊಂದು ಥರ. ಉಸಿರಿನ ಗೆರೆಗಳು ಮಾತ್ರ ಎಲ್ಲರವೂ ಒಂದೇ ಇಳಿಜಾರು. ಹಿಡಿಯಬೇಕಾದಲ್ಲಿ ಉಸಿರು ಹಿಡಿದರೂ ಎದೆ ಬಿಗಿಯದ, ಈ ಸುರುಳಿ ಕೆಟ್ಟರೂ ನನಗೇನು ಎನ್ನುವ ನಿರಾಳ. ಒಬ್ಬರ ನಿರಾಳವನ್ನು ಇನ್ನೊಬ್ಬರು ಕಟ್ಟಿಕೊಂಡು, ಅದಕ್ಕೆ ತಮ್ಮದೊಂದಿಷ್ಟು ಸೇರಿಸಿ ಮುಂದಿನವರಿಗೆ ದಾಟಿಸಿದ್ದರು. ಕೊನೆಯ ಗೆರೆ ಹೆಚ್ಚುಕಡಿಮೆ ನೆಲಕ್ಕೇ ತಾಗಿತ್ತು.

ಅವಳ ಮುಖ ಬಾಡಿತು. "ನಾ ಕೆಲಸಾ ಕಲಸೋ ಯಂತ್ರ ಮಾಡೀನಿ ಅನ್ಕೊಂಡಿದ್ದೆ" ಎಂದಳು. "ಬಿಡೋದನ್ನ ಕಲಿಸೀನಿ."

ಕಟ್ಟುವುದನ್ನು ನಿಲ್ಲಿಸಿದರೆ ಹಳೆಯದು ಇಳಿದುಹೋಗುತ್ತದಲ್ಲ ಎಂದು ಈರಬಸಪ್ಪ ಆಸೆಯಿಂದ ಕೇಳಿದ. ಇಳಿಯುತ್ತದೆ, ಆದರೆ ಪಟ್ಟಿಯಿಲ್ಲದೆ ಯಾರನ್ನೂ ಬೆಂಚಿಗೆ ಕೂಡಿಸಬಾರದೆಂದು ಶೇಟ್ ಸಾಹೇಬರ ಆಜ್ಞೆ. ಇಬ್ಬರೂ ಕೂಡಿ ಅವರ ಹತ್ತಿರ ಹೋದರು. ಶೇಟ್ ಗೆರೆಗಳನ್ನು ನೋಡಿದರು, ಕನ್ನಡಕ ತೆಗೆದರು, ಹಾಕಿದರು.

"ಆಯ್ತು, ಒಪ್ಪಿದೆ. ಬಿಡದೆ ಇರುವವರ ಕೈ ಬರೆಸಿ. ಎಲ್ಲಿದ್ದಾರೆ ಅಂಥವರು? ಇಲ್ಲಿ ಯಾರು ನಾಳೆ ಇರ್ತಾರೆ ಅಂತ ನನಗೇ ಗೊತ್ತಿಲ್ಲ. ನಾನೇ ಮಂಗಳೂರಿಗೊಂದು ಅರ್ಜಿ ಹಾಕಿದ್ದೇನೆ."

ಮಂದಾಕಿನಿ ಮೆಲ್ಲಗೆ ಈರಬಸಪ್ಪನತ್ತ ತಿರುಗಿದಳು. ಶೇಟ್ ಸಾಹೇಬರೂ ತಿರುಗಿದರು.

ಈರಬಸಪ್ಪ ಒಂದು ಕ್ಷಣ ಹಿಂದೆ ನೋಡಿದ, ಹಿಂದೆ ಗೋಡೆ ಇತ್ತು. "ನಾ ಅದೀನಲ್ಲ" ಎಂದ.

ಅವನ ಕೈಯ ರೂಢಿ ಬರೆದುಕೊಂಡ ದಿನ ಗಾಳಿ ಕಾರ್ಖಾನೆಯ ಇತಿಹಾಸದಲ್ಲಿ ಚಿನ್ನದ ಅಕ್ಷರದ್ದು. ಯಾರೂ ಇರಕೂಡದು, ಎಂಥಾ ಕಲಾವಿದನಿಗೂ ಏಕಾಂತ ಬೇಕು ಎಂದು ಅವನು ತರಬೇತಿ ಕೋಣೆಯ ಬಾಗಿಲು ಹಾಕಿಕೊಂಡ. ಒಳಗೆ ನಡೆದದ್ದನ್ನು ಅವನೇ ಹೇಳಬೇಕು: ತಂತಿ ಅವನ ಬೆರಳನ್ನು ಕಂಡು ತಾನಾಗಿ ಎದ್ದು ನಿಂತಿತು, ಸುರುಳಿಗಳು ಒಂದಕ್ಕಿಂತ ಒಂದು ನಾ ಮುಂದೆ ತಾ ಮುಂದೆ ಎಂದು ಸುತ್ತಿಕೊಂಡವು, ಕೊನೆಗೆ ಮೋಟರಿನ ಚೌಕಟ್ಟುಗಳೇ ಸಾಲದಾಗಿ ಅವನು ಪೆನ್ಸಿಲಿಗೂ ಸುತ್ತಿಬಿಟ್ಟ. ಶಿಫ್ಟು ಮುಗಿದಾಗ ಹಣೆ ಒರೆಸಿಕೊಳ್ಳುತ್ತ ಹೊರಗೆ ಬಂದು ಪಟ್ಟಿ ಬಿಚ್ಚಿ ಕೊಟ್ಟ. ಬರಹದ ಉದ್ದ ಒಂದು ಪೂರ್ತಿ ಶಿಫ್ಟಿನಷ್ಟು ಸರಿಯಾಗಿಯೇ ಇತ್ತು. ಮಂದಾಕಿನಿಗೆ ತಪ್ಪನ್ನು ಸರಿಪಡಿಸುವ ಅವಸರ. ಹಳೆಯವರ ರೂಢಿಯ ಪ್ರತಿಗಳನ್ನೆಲ್ಲ ತೆಗೆದು ಅವತ್ತೇ ಎಲ್ಲ ಪಟ್ಟಿಗಳಿಗೂ ಹಂಚಿನಮನಿ ಪ್ರತಿಯನ್ನು ಹಾಕಿದಳು.

ಮರುದಿನದಿಂದ ಕಾರ್ಖಾನೆಯಲ್ಲಿ ತಂತಿ ತುಂಡುತುಂಡಾಗಿ ಹರಿಯತೊಡಗಿತು. ಎಡಕ್ಕೆ ಹರಿಯಿತು, ಬಲಕ್ಕೆ ಹರಿಯಿತು. ಪರೀಕ್ಷಾ ಕೋಣೆಯಲ್ಲಿ ಮೋಟರುಗಳು ಗುಂಯ್ ಅನ್ನಲೂ ಇಲ್ಲ, ಕೆಮ್ಮಿದವು. ತಿರಸ್ಕರಿಸಿದ ಮೋಟರುಗಳ ರಾಶಿ ಕಿಟಕಿ ಮುಚ್ಚಿ, ಹಗಲಲ್ಲೇ ದೀಪ ಹಾಕಬೇಕಾಯಿತು. ಶೇಟ್ ಸಾಹೇಬರು ಓಡಿ ಬಂದರು.

"ಸಣ್ಣ ಪಾತ್ರೆಗೆ ದೊಡ್ಡ ಕೆರಿ ಹೊಯ್ದ್ರ ಹಿಂಗ ಆಗ್ತೈತ್ರಿ ಸಾಹೇಬ್ರ" ಎಂದ ಈರಬಸಪ್ಪ. "ನನ್ನ ಕೈ ಅಂದ್ರ ಸಾಮಾನ್ಯ ಅಲ್ಲ. ಅದು ಇವ್ರ ಮೈಯಾಗ ಕುಂದ್ರಾಕ ಒಂದೀಟ ಹೊತ್ತು ಬೇಕು."

ಬೆಂಚಿನ ಕಡೆ ಮಾತ್ರ ಹಿಂದೆಂದೂ ಇಲ್ಲದ ಸದ್ದು. ಕುಂದಗೋಳದಿಂದ ಹೊಸದಾಗಿ ಬಂದಿದ್ದ ಶಾಹಿದಾ, ಹರಿದ ತಂತಿಯನ್ನು ಕೈಯಲ್ಲಿ ಹಿಡಿದು, ಮೊದಲ ದಿನ ಸುಮ್ಮನೆ ಕೂತಳು. ಎರಡನೆಯ ದಿನ ಪಕ್ಕಕ್ಕೆ ತಿರುಗಿದಳು.

"ಅಕ್ಕಾರ, ಇದ್ಯಾಕ ಹಿಂಗ ಹರೀತೈತಿ?"

ಪಕ್ಕದಲ್ಲಿದ್ದವಳು ಶಿವಲೀಲಾ. "ನಂದೂ ಹರೀತೈತವಾ" ಎಂದಳು. ಆಮೇಲೆ ಇಬ್ಬರ ತಂತಿಯನ್ನೂ ಬೆಳಕಿಗೆ ಹಿಡಿದು ನೋಡಿ, "ತಡಿ. ರೇಶ್ಮಿ ದಾರ ಹಿಂಗ ಎಳದ್ರ ಹರೀತಿತ್ತು. ಉಗುರು ತಾಗಸಬ್ಯಾಡ, ಬೆರಳಿನ ಮೆತ್ತಗಿನ ಕಡೆಯಿಂದ ಹಿಡಿ. ಹಂಗಲ್ಲ, ಹಿಂಗ" ಎಂದು ಅವಳ ಕೈ ಹಿಡಿದು ತೋರಿಸಿದಳು. ಎದುರಿನವರು ಎದ್ದು ಬಂದು ನೋಡಿದರು. ಒಬ್ಬರು ಅದು ತಪ್ಪೆಂದರು. ವಾದವಾಯಿತು. ವಾದದ ನಡುವೆ ಹೆಸರುಗಳು ಗೊತ್ತಾದವು.

ಮನೆಯಲ್ಲಿಯೂ ಏನೋ ಸಡಿಲವಾಗುತ್ತಿತ್ತು, ಅಥವಾ ಬಿಗಿಯಾಗುತ್ತಿತ್ತು. ಒಂದು ಸಂಜೆ ಶಿವಲೀಲಾ ಹಾಸಿಗೆಯ ಮೇಲೆ ಬಿದ್ದಿದ್ದ ಹಸಿ ಟವೆಲನ್ನು ಎತ್ತಿ ಅವನ ಮುಂದೆ ಹಿಡಿದಳು.

"ಎಷ್ಟ ಸಲಾ ಹೇಳಬೇಕ್ರಿ ನಿಮಗ? ಕೋಣ ಹಾಸಿಗಿ ಮ್ಯಾಲ ಮಲಗಿದ್ರೂ ಇಷ್ಟು ತೊಯ್ಯೂದಿಲ್ಲ."

ಆ ಬೈಗುಳವನ್ನು ಈರಬಸಪ್ಪ ಪಂಚಾಮೃತದಂತೆ ಕುಡಿದ. ತವರಿಗೆ ಹೋಗುವ ಮಾತನ್ನು ಅವಳು ಇನ್ನೊಂದು ತಿಂಗಳು ಮುಂದೆ ಹಾಕಿದಳು, ಆಮೇಲೆ ಹಬ್ಬಕ್ಕೆ ಹಾಕಿದಳು, ಆಮೇಲೆ ಆ ಮಾತು ಬರಲಿಲ್ಲ. ಊಟ ಮುಗಿಸಿ ಕೂತಾಗ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಒಂದ ಮಾತ ಹೇಳ್ಲೇನು? ತಂತಿ ಹಿಡದಾಗ ನಿಮ್ಮ ಕೈ ನನ್ನ ಕೈ ಮ್ಯಾಲ ಇದ್ಹಂಗ ಅನಸ್ತೈತಿ. ಇಷ್ಟು ವರ್ಷ ನೀವು ಬರೇ ಬಾಯಿ ಅಂತ ತಿಳಕೊಂಡಿದ್ದೆ."

ಹೊಗಳಿಕೆಗೆಂದೇ ಹುಟ್ಟಿದ್ದ ಮನುಷ್ಯ ಅವತ್ತು ಎದ್ದು ಹೋಗಿ, ಟವೆಲನ್ನು ತಂತಿಗೆ ಒಣಹಾಕಿದ.

ಸುರುಳಿಗಳು ನಿಧಾನವಾಗಿ ಸುಧಾರಿಸಿದವು. ವರ್ಷ ತಿರುಗುವ ಹೊತ್ತಿಗೆ ಪರೀಕ್ಷಾ ಕೋಣೆಯಲ್ಲಿ ಮತ್ತೆ ನಿಶ್ಶಬ್ದ. ಬಿಟ್ಟುಹೋದವರೂ ಇದ್ದರು, ಆದರೆ ಹೋಗುವಾಗ ಅತ್ತು ಹೋದರು. ಉತ್ತಮ ನೌಕರರ ಗೋಡೆಯ ಕೆಳಗೆ ಆ ನೌಕರರೇ ಕೂತು ಉಣ್ಣುವುದು ಕಂಡಿತು. ಶೇಟ್ ಸಾಹೇಬರು ಮಂಗಳೂರಿನ ಅರ್ಜಿಯನ್ನು ಮರೆತರು. ಸುದ್ದಿ ಮುಖ್ಯ ಕಚೇರಿಗೆ ಮುಟ್ಟಿತು. ದೇಶದ ತುಂಬ ಇರುವ ತಮ್ಮ ಕಾರ್ಖಾನೆಗಳಿಗೆಲ್ಲ ಹಂಚಿನಮನಿ ಪ್ರತಿಯನ್ನೇ ಹಾಕುವ ತೀರ್ಮಾನವಾಯಿತು. ಅದಕ್ಕೆಂದು ಒಬ್ಬ ಹಿರಿಯ ಅಧಿಕಾರಿ ಬಂದರು. ಈರಬಸಪ್ಪ ಹೊಸ ಅಂಗಿ ಹಾಕಿಕೊಂಡು, ಇಂಥ ಅಧಿಕಾರಿಗಳು ತನ್ನ ಕೈ ಕುಲುಕಲು ಗದಗಿನಿಂದ ಹುಬ್ಬಳ್ಳಿಯವರೆಗೆ ಸಾಲು ನಿಂತಿದ್ದ ಕಾಲದ ಬಗ್ಗೆ ಅವರಿಗೆ ಹೇಳತೊಡಗಿದ.

"ಅಣ್ಣಾರ" ಎಂದಳು ಬೆಂಚಿನಿಂದ ಶಾಹಿದಾ. "ಸಾಹೇಬ್ರು ಇಷ್ಟು ದೂರದಿಂದ ಬಂದಾರ. ಒಂದ ಸುರುಳಿ ಸುತ್ತಿ ತೋರಸ್ರಿ."

"ಇವತ್ತ ಬ್ಯಾಡವಾ, ನನ್ನ ಕೈ ಒಮ್ಮೆ ಹೊಂಟ್ರ—"

"ನಿಲ್ಲೂದಿಲ್ಲ. ಗೊತ್ತೈತ್ರಿ, ವರ್ಷದಿಂದ ಕೇಳೀನಿ. ನಾ ಬಂದಾಗಿನ್ಹಿಡದು ನೀವು ತಂತಿ ಮುಟ್ಟಿದ್ದು ಒಮ್ಮೆನೂ ನೋಡಿಲ್ಲ."

ಗಾಳಿ ಕಾರ್ಖಾನೆಯಲ್ಲಿ ಇಂಥ ಮಾತು ಹಿಂದೆ ಯಾರೂ ಆಡಿರಲಿಲ್ಲ. ಹಾಗೆ ಹೇಳಬೇಕಾದರೆ ಅಲ್ಲಿ ಬಹಳ ಕಾಲ ಇರಬೇಕಿತ್ತು, ಅಷ್ಟು ಕಾಲ ಯಾರೂ ಇದ್ದಿರಲಿಲ್ಲ.

"ಸುತ್ತೋದು ಬ್ಯಾಡ, ಪರದೆ ಮ್ಯಾಲ ತೋರಸ್ತೇನಿ" ಎಂದು ಮಂದಾಕಿನಿ ಅವನ ಸಹಾಯಕ್ಕೆ ಬಂದಳು. ಹಂಚಿನಮನಿ ಪ್ರತಿಯನ್ನು ಗೋಡೆಯಗಲದ ಪರದೆಗೆ ಹಾಕಿದಳು. ಬೆರಳಿನ ಗೆರೆ ಆರಂಭದಲ್ಲಿ ಸ್ವಲ್ಪ ಹೊತ್ತು ತಡವರಿಸಿ ಎದ್ದಿತು, ಬಿತ್ತು, ಮತ್ತೆ ಎದ್ದಿತು, ತುಂಡಾಯಿತು. ಆಮೇಲೆ ಶಿಫ್ಟಿನ ಕೊನೆಯವರೆಗೂ ಚಪ್ಪಟೆ. ಮಂದಾಕಿನಿ ಹಿಂದೆ ಮುಂದೆ ಸರಿಸಿ ನೋಡಿದಳು. ಕೂತ ಮನುಷ್ಯನ ನಾಡಿ, ಉಸಿರು ಬಿಟ್ಟರೆ ಎಲ್ಲೂ ಏನೂ ಇರಲಿಲ್ಲ.

"ಹಂಚಿನಮನಿಯವರ, ಇದರಾಗ ಏನೂ ಇಲ್ಲ" ಎಂದಳು ಸಣ್ಣ ದನಿಯಲ್ಲಿ.

"ಯಂತ್ರ ಕೆಟ್ಟಿರಬೇಕ್ರಿ" ಎಂದ ಈರಬಸಪ್ಪ.

"ಕೆಟ್ಟಿದ್ದರೆ ನಾವು ಹಳೆಯ ಪ್ರತಿಗಳನ್ನೇ ಮತ್ತೆ ಹಾಕೋಣ" ಎಂದರು ಅಧಿಕಾರಿ. "ಅವು ಪರೀಕ್ಷೆಯಾದವು. ಮೊದಲ ದಿನದಿಂದಲೇ ಕೆಲಸ ಕೊಟ್ಟಿದ್ದವು."

ಶೇಟ್ ಸಾಹೇಬರು ನೆಲ ನೋಡಿದರು. ಈರಬಸಪ್ಪ ಹೆಂಡತಿಯ ಕಡೆ ನೋಡಿದ. ಅವಳು ಎದ್ದು ನಿಂತಿದ್ದಳು, ಮೊಣಕೈಯ ಪಟ್ಟಿಯ ಮೇಲೆ ಇನ್ನೊಂದು ಕೈ ಇಟ್ಟುಕೊಂಡು. ಅವಳ ಪಟ್ಟಿಯಲ್ಲಿ ಇನ್ಯಾರದೋ ಹೊರಟುನಿಂತ ಉಸಿರು ಮತ್ತೆ ಪಿಸುಗುಡುವುದನ್ನು ಅವನು ಮನಸ್ಸಿನಲ್ಲೇ ಕಂಡ.

"ಯಂತ್ರ ಕೆಟ್ಟಿಲ್ರಿ" ಎಂದ. "ನನಗ ವೈಂಡಿಂಗ್ ಬರೂದಿಲ್ಲ. ಮರತದ್ದಲ್ಲ, ಎಂದೂ ಬಂದಿದ್ದಿಲ್ಲ. ಸೇರಿದ ಹೊಸದ್ರಾಗ ಕಲಿಯಾಕ ನೋಡ್ದೆ, ಬರೇ ತಂತಿ ಹರದೆ. ಬಾಯಿ ಚಲೋ ಐತಿ, ಹೊಸಬರನ್ನ ನೋಡ್ಕೊ ಅಂದ್ರು. ನನಗ ಬರೂದಿಲ್ಲ ಅಂತ ಗೊತ್ತಿದ್ದವ್ರು ಬಿಟ್ಟುಹೋದ್ರು. ಆಮ್ಯಾಲ ಬಂದವ್ರು ಗೊತ್ತಾಗೋ ಮೊದಲ ಬಿಟ್ಟುಹೋದ್ರು. ಜನಾ ಹೋದಂಗ ನಾ ದೊಡ್ಡಾವ ಆಕ್ಕೋತ ಬಂದೆ."

"ಮತ್ತ ಆ ದಿನಾ ಒಳಗ ಏನ ಮಾಡಿದ್ರಿ?" ಎಂದಳು ಮಂದಾಕಿನಿ.

"ಒಂದಿಷ್ಟು ತಂತಿ ಹರದೆ. ಆಮ್ಯಾಲ ಕೈ ತೊಡಿ ಮ್ಯಾಲ ಇಟಗೊಂಡು ಕುಂತೆ."

"ಅಂದರೆ ಇವರೆಲ್ಲ ಕಲಿತದ್ದು ಹೇಗೆ?" ಅಧಿಕಾರಿಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು.

"ಪಟ್ಟಿ ಏನೂ ಹೇಳಲಿಲ್ರಿ" ಎಂದಳು ಶಾಹಿದಾ. "ಅದಕ್ಕ ಬಾಜೂದವ್ರನ್ನ ಕೇಳಿದ್ವಿ."

ಅದನ್ನು ಬೇರೆ ಕಾರ್ಖಾನೆಗಳಿಗೆ ಕಳಿಸುವುದು ಹೇಗೆಂದು ಅಧಿಕಾರಿ ಕೇಳಿದರು. ನೋಟಿಸಿನವರ ಪ್ರತಿ ಮತ್ತೆ ಹಾಕುವುದಾದರೆ ಮೊದಲ ನೋಟಿಸು ತನ್ನದು ಎಂದು ಮಂದಾಕಿನಿ ಹೇಳಿದಳು. ಎರಡನೆಯದು ತನ್ನದೆಂದು ಶೇಟ್ ಸಾಹೇಬರು ಕೆಮ್ಮಿದರು. ಅಧಿಕಾರಿ ಇಬ್ಬರನ್ನೂ ಕರೆದುಕೊಂಡು ಕಚೇರಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಶಿವಲೀಲಾ ತನ್ನ ಜಾಗದಲ್ಲಿ ಕೂತಿದ್ದಳು. ಈರಬಸಪ್ಪ ಹೋಗಿ ಪಕ್ಕದಲ್ಲಿ ನಿಂತ.

"ನಿಮ್ಮ ಕೈ ಅಂತ ತಿಳಕೊಂಡಿದ್ದೆ" ಎಂದಳು ಅವಳು, ತಲೆ ಎತ್ತದೆ.

"ಅದು ನಿಂದ ಇತ್ತು ಲೀಲಾ. ಮೊದಲಿಂದ."

"ಇಷ್ಟು ವರ್ಷ ಇಲ್ಲೇ ಯಾಕ ಉಳದ್ರಿ? ನಿಷ್ಠೆ ಅಂತಿದ್ರಲ್ಲ."

"ಬ್ಯಾರೆ ಕಡೆ ಹೋದ್ರ ಮೊದಲನೇ ದಿನಾನ ಕೈ ತೋರಸು ಅಂತಾರ."

ಅವಳು ತುಟಿ ಬಿಗಿಹಿಡಿದಳು. ನಗುವೋ ಅಳುವೋ ತಿಳಿಯಲಿಲ್ಲ. "ನಾ ಹೊಕ್ಕೇನಿ ಅಂದಾಗ ಅಂಜಿದ್ರಲ್ಲ, ಅದು?"

"ಅದು ಖರೆ."

ಅವಳು ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಕಾಲಿನಿಂದ ಪಕ್ಕದ ಸ್ಟೂಲನ್ನು ಎಳೆದಳು.

"ಕುಂದರ್ರಿ. ಎಷ್ಟು ಬರ್ತೈತಿ ನಿಮಗ, ಮೊದಲ ಅದನ್ನ ಹೇಳ್ರಿ."

ಈರಬಸಪ್ಪ ಕೂತ. ಹಳೆಯ ಕಥೆಗಳು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ನಿಂತವು. ಅವನು ಬಾಯಿ ತೆರೆದ, ಮುಚ್ಚಿದ, ಮೇಜಿನ ಮೇಲಿದ್ದ ತಂತಿಯ ಉಂಡೆಯನ್ನು ನೋಡಿದ.

"ಏನೂ ಬರೂದಿಲ್ಲ" ಎಂದ. "ತುದಿ ಯಾವ ಕೈಯಾಗ ಹಿಡೀಬೇಕು ಅನ್ನೂದೂ ಗೊತ್ತಿಲ್ಲ."